ಹತಸಾಕ್ಷಿಗಳು ಮತ್ತು ಬ್ಯಾಪ್ಟಿಸ್ಟ್ ಪರಂಪರೆ: ಪದೇ ಪದೇ ಕೇಳುವ ಪ್ರಶ್ನೆಗಳು

ದೀಕ್ಷಾಸ್ನಾನಕ್ಕೆ, ಅಂದರೆ ನಂಬಿಕೆಯನ್ನು ಒಪ್ಪಿಕೊಂಡು ನೀರಿನಲ್ಲಿ ಮುಳುಗುವ ವಿಧಿಗೆ, ಸಿದ್ಧರಾಗುವ ಯುವಕ ಯುವತಿಯರಿಗೆ ನಮ್ಮ ಬ್ಯಾಪ್ಟಿಸ್ಟ್ ಸಭೆಯಲ್ಲಿ ನಾನು ಹಲವು ವರ್ಷಗಳಿಂದ ಪಾಠ ಹೇಳಿಕೊಂಡು ಬಂದಿದ್ದೇನೆ. ಸತ್ಯವೇದದ (ಬೈಬಲಿನ) ಪಾಠ ಮುಗಿದು ಸಭಾಚರಿತ್ರೆಗೆ ಬಂದಾಗ ಪ್ರತಿ ತಂಡದವರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಬೇರೆ ಸಭೆಗಳ ಗೆಳೆಯರೂ, ಕ್ರೈಸ್ತರಲ್ಲದ ನೆರೆಹೊರೆಯವರೂ ಕೇಳಿದ್ದಾರೆ. ಬಾಯಿಮಾತಿನಲ್ಲಿ ಹೇಳುತ್ತ ಬಂದ ಉತ್ತರಗಳನ್ನು ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ.

‘ಹತಸಾಕ್ಷಿ’ ಎಂದರೆ ಏನು?

ಗ್ರೀಕ್ ಭಾಷೆಯಲ್ಲಿ ‘ಮಾರ್ಟುಸ್’ ಎಂದರೆ ಬರೀ ಸಾಕ್ಷಿ, ನ್ಯಾಯಸ್ಥಾನದಲ್ಲಿ ನಿಂತು ಕಂಡದ್ದನ್ನು ಹೇಳುವವನು. ಹಾಗೆ ಹೇಳಿದ್ದಕ್ಕೇ ಪ್ರಾಣ ಕಳೆದುಕೊಂಡವರು ಹೆಚ್ಚಾದಂತೆ ಆ ಪದಕ್ಕೆ ಸಾವಿನ ಅರ್ಥವೂ ಅಂಟಿಕೊಂಡಿತು. ನಮ್ಮ ಕನ್ನಡದ ಹತಸಾಕ್ಷಿ, ರಕ್ತಸಾಕ್ಷಿ ಎಂಬ ಪದಗಳು ಎರಡೂ ಅರ್ಥಗಳನ್ನು ಬಿಡದೆ ಹಿಡಿದುಕೊಂಡಿವೆ. ನನಗೆ ಈ ಪದಗಳ ಮೇಲೆ ಬಹಳ ಪ್ರೀತಿ. ಸತ್ತದ್ದಕ್ಕಿಂತ ಸಾಕ್ಷಿ ನುಡಿದದ್ದು ದೊಡ್ಡದು ಎಂದು ಪದವೇ ಹೇಳಿಕೊಡುತ್ತದೆ. ಅಪೊಸ್ತಲರ ಕೃತ್ಯಗಳು 7ನೇ ಅಧ್ಯಾಯದಲ್ಲಿ ಕಲ್ಲೆಸೆತಕ್ಕೆ ಗುರಿಯಾದ ಸ್ತೆಫನನೇ ಇವರಲ್ಲಿ ಮೊದಲಿಗ.

ರೋಮ್ ಸಾಮ್ರಾಜ್ಯದಲ್ಲಿ ನೂರಾರು ದೇವರುಗಳಿಗೆ ಜಾಗವಿತ್ತು. ಕ್ರೈಸ್ತರನ್ನೇ ಯಾಕೆ ಹಿಂಸಿಸಿದರು?

ಯೇಸುವನ್ನೂ ಆ ನೂರಾರು ದೇವರುಗಳ ಸಾಲಿಗೆ ಸೇರಿಸಿಕೊಳ್ಳಲು ರೋಮಿಗೆ ದೊಡ್ಡ ತಕರಾರೇನೂ ಇರುತ್ತಿರಲಿಲ್ಲ. ಉಳಿದ ದೇವತೆಗಳಿಗೂ ಚಕ್ರವರ್ತಿಯ ಪ್ರತಿಮೆಗೂ ಕೈಮುಗಿಯಲು ಇವರು ಒಪ್ಪದೆ ಇದ್ದದ್ದೇ ಜಗಳದ ಮೂಲ. ದೇವತೆಗಳು ಮುನಿದರೆ ಬರ, ಬೇನೆ, ಯುದ್ಧದ ಸೋಲು ಬರುತ್ತದೆ ಎಂದು ಜನ ನಂಬಿದ್ದ ಕಾಲ ಅದು. ಪೂಜೆಯಿಂದ ದೂರ ಉಳಿದವರು ಊರಿಗೇ ಕೇಡು ತರುವವರಾಗಿ ಕಂಡರು.

ಸುಮಾರು 112ರಲ್ಲಿ ಬಿಥೂನ್ಯದ ರಾಜ್ಯಪಾಲ ಪ್ಲಿನಿ ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರ ಇಂದಿಗೂ ಉಳಿದಿದೆ. ಸಿಕ್ಕಿಬಿದ್ದವರನ್ನು ಅವನು ‘ನೀನು ಕ್ರೈಸ್ತನೋ?’ ಎಂದು ಮೂರು ಸಲ ಕೇಳುತ್ತಿದ್ದ. ಮೂರು ಸಲವೂ ಹೌದು ಎಂದವರಿಗೆ ಮರಣದಂಡನೆ. ಅಲ್ಲ ಎಂದವರು ಪ್ರತಿಮೆಯ ಮುಂದೆ ಧೂಪ, ದ್ರಾಕ್ಷಾರಸ ಅರ್ಪಿಸಿ ಕ್ರಿಸ್ತನನ್ನು ಶಪಿಸಿದರೆ ಮನೆಗೆ ಹೋಗಬಹುದಿತ್ತು. ಇವರು ಮಾಡುವ ಅಪರಾಧವಾದರೂ ಏನು ಎಂದು ತಿಳಿಯಲು, ಸಭೆಯಲ್ಲಿ ಸೇವಕಿಯರಾಗಿದ್ದ ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದೆ ಎಂದು ಅವನೇ ಬರೆದಿದ್ದಾನೆ. ವಿಚಾರಣೆಯಿಂದ ತಿಳಿದದ್ದು ಇಷ್ಟು: ಗೊತ್ತಾದ ದಿನ ಬೆಳಕು ಹರಿಯುವ ಮೊದಲೇ ಕೂಡುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಕದಿಯುವುದಿಲ್ಲ, ಹಾದರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ ಎಂದು ಆಣೆ ಇಡುತ್ತಾರೆ. ಆ ಇಬ್ಬರು ದಾಸಿಯರ ಹೆಸರು ಪತ್ರದಲ್ಲಿಲ್ಲ. ನಮ್ಮ ಪರಂಪರೆಯ ಹಿರಿಯರ ಪಟ್ಟಿಯಲ್ಲಿ ನಾನು ಅವರನ್ನು ಮೊದಲು ಸೇರಿಸುತ್ತೇನೆ.

ಮುನ್ನೂರು ವರ್ಷವೂ ಎಡೆಬಿಡದೆ ಹಿಂಸೆ ನಡೆಯಿತೇ?

ಇಲ್ಲ. ಹಿಂಸೆಯನ್ನು ಇದ್ದದ್ದಕ್ಕಿಂತ ದೊಡ್ಡದು ಮಾಡಿ ಹೇಳುವುದು ಹತಸಾಕ್ಷಿಗಳಿಗೆ ಗೌರವ ತರುವುದಿಲ್ಲ. 64ರ ಬೆಂಕಿ ಅನಾಹುತದ ನಂತರ ನೀರೋ ನಡೆಸಿದ ಕ್ರೌರ್ಯ ರೋಮ್ ನಗರದ್ದು. ಆಮೇಲಿನ ಬಹುಪಾಲು ಘಟನೆಗಳು ಆಯಾ ಊರಿನ ಗುಂಪುಗಳ, ಅಧಿಕಾರಿಗಳ ಮರ್ಜಿಯಿಂದ ನಡೆದವು. ನಡುನಡುವೆ ದಶಕಗಟ್ಟಲೆ ನೆಮ್ಮದಿಯೂ ಇತ್ತು. ಇಡೀ ಸಾಮ್ರಾಜ್ಯಕ್ಕೆ ಅನ್ವಯಿಸುವ ಆಜ್ಞೆ ಬಂದದ್ದು 250ರಲ್ಲಿ, ಡೀಸಿಯಸ್ ಚಕ್ರವರ್ತಿಯ ಕಾಲಕ್ಕೆ. 303ರಲ್ಲಿ ಡಯೊಕ್ಲೀಶನ್ ಆರಂಭಿಸಿದ ಹಿಂಸೆ ಎಲ್ಲಕ್ಕಿಂತ ಭೀಕರವಾದದ್ದು. ಸತ್ಯವೇದದ ಪ್ರತಿಗಳನ್ನು ಹುಡುಕಿ ಸುಟ್ಟರು. 311ರಲ್ಲಿ ಗಲೇರಿಯಸ್, 313ರಲ್ಲಿ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಆರಾಧನೆಗೆ ಅವಕಾಶ ಕೊಟ್ಟರು.

ಡೀಸಿಯಸನ ಆಜ್ಞೆಯಂತೆ ಪ್ರತಿಯೊಬ್ಬರೂ ದೇವತೆಗಳಿಗೆ ಬಲಿ ಅರ್ಪಿಸಿ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕಿತ್ತು. ಅಂಥ ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಒಂದರಲ್ಲಿ ಔರೇಲಿಯಸ್ ಡಯೋಜಿನಿಸ್ ಎಂಬ ಮುದುಕನ ವಿವರವಿದೆ: ವಯಸ್ಸು 72, ಬಲ ಹುಬ್ಬಿನ ಮೇಲೆ ಗಾಯದ ಗುರುತು. ನಾನು ಯಾವಾಗಲೂ ದೇವತೆಗಳಿಗೆ ಬಲಿ ಕೊಡುತ್ತ ಬಂದವನು, ಈಗ ನಿಮ್ಮ ಕಣ್ಣೆದುರೇ ಕೊಟ್ಟು ಬಲಿಯ ಪಾಲನ್ನು ಉಂಡಿದ್ದೇನೆ, ದಯವಿಟ್ಟು ರುಜು ಮಾಡಿಕೊಡಿ ಎಂಬುದು ಅದರ ಸಾರ. ಹುಬ್ಬಿನ ಮೇಲಿನ ಆ ಗಾಯದ ಗುರುತು ನನ್ನನ್ನು ಬಹಳ ಕಾಡುತ್ತದೆ. ನಂಬಿಕೆಯ ವಿಷಯದಲ್ಲಿ ಸರ್ಕಾರ ಒಬ್ಬೊಬ್ಬನ ಮುಖ ನೋಡಿ ಚೀಟಿ ಬರೆಯುವ ಮಟ್ಟಕ್ಕೆ ಇಳಿದದ್ದು ಅಲ್ಲಿ ಎದ್ದು ಕಾಣುತ್ತದೆ. ಇದನ್ನು ನೆನಪಿನಲ್ಲಿಡಿ, ಬ್ಯಾಪ್ಟಿಸ್ಟರ ಕಥೆಯಲ್ಲಿ ಇದೇ ಮಾತು ಮತ್ತೆ ಬರುತ್ತದೆ.

ತರುಣರಿಗೆ ಮೊದಲು ಯಾರ ಕಥೆ ಹೇಳಬೇಕು?

ಸ್ಮುರ್ನದ ಸಭಾಧ್ಯಕ್ಷ ಪಾಲಿಕಾರ್ಪನ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಹೇಳಲೇಬೇಕು. ಸುಮಾರು 155ರಲ್ಲಿ ಹಿಡಿಯಲು ಬಂದ ಸೈನಿಕರಿಗೆ ಆ ವೃದ್ಧ ಊಟ ಹಾಕಿಸಿ, ಪ್ರಾರ್ಥನೆಗೆ ಒಂದು ಗಂಟೆ ಬೇಡಿದ. ಕ್ರಿಸ್ತನನ್ನು ಶಪಿಸು ಎಂದವರಿಗೆ, ‘86 ವರ್ಷ ಅವನ ಸೇವೆ ಮಾಡಿದ್ದೇನೆ, ಅವನು ನನಗೆ ಯಾವ ಕೇಡನ್ನೂ ಮಾಡಿಲ್ಲ. ನನ್ನನ್ನು ರಕ್ಷಿಸಿದ ಅರಸನನ್ನು ಹೇಗೆ ದೂಷಿಸಲಿ?’ ಎಂದ.

ಆದರೆ ದೀಕ್ಷಾಸ್ನಾನಕ್ಕೆ ಸಿದ್ಧರಾಗುವವರಿಗೆ ನಾನು ಹೇಳುವುದು ಪರ್ಪೆತುವಾಳ ಕಥೆ. ಉತ್ತರ ಆಫ್ರಿಕದ ಕಾರ್ಥೇಜಿನ ಒಳ್ಳೆಯ ಮನೆತನದ ಹೆಣ್ಣುಮಗಳು. ವಯಸ್ಸು 22ರ ಆಸುಪಾಸು, ಮಡಿಲಲ್ಲಿ ಹಾಲು ಕುಡಿಯುವ ಕೂಸು. ಬಂಧನವಾದಾಗ ಆಕೆಗೆ ಇನ್ನೂ ದೀಕ್ಷಾಸ್ನಾನವೇ ಆಗಿರಲಿಲ್ಲ. ನಮ್ಮ ತರಗತಿಯಲ್ಲಿ ಕೂತವರ ಹಾಗೆ ಕಲಿಯುವ ಹಂತದಲ್ಲಿದ್ದಳು. ಕಾವಲಿನಲ್ಲಿದ್ದಾಗಲೇ ನೀರಿಗಿಳಿದಳು. ಸೆರೆಮನೆಯಲ್ಲಿ ಆಕೆ ತನ್ನ ಅನುಭವಗಳನ್ನು ತಾನೇ ಬರೆದಿಟ್ಟಳು. ಆದಿ ಸಭೆಯ ಕಾಲದ ಒಬ್ಬ ಹೆಂಗಸಿನ ಸ್ವಂತ ಮಾತುಗಳು ನಮಗೆ ಹೀಗೆ ಉಳಿದುಬಂದಿರುವುದು ಅಪರೂಪದ ಭಾಗ್ಯ.

ತಂದೆ ಬಂದು ಬೇಡಿಕೊಳ್ಳುವ ಭಾಗವನ್ನು ತರಗತಿಯಲ್ಲಿ ಓದುವಾಗ ಯಾರೂ ಸದ್ದು ಮಾಡುವುದಿಲ್ಲ. ಅಲ್ಲಿದ್ದ ಒಂದು ಹೂಜಿಯನ್ನು ತೋರಿಸಿ ಪರ್ಪೆತುವಾ ಕೇಳುತ್ತಾಳೆ: ಅಪ್ಪಾ, ಇದನ್ನು ಹೂಜಿ ಎನ್ನದೆ ಬೇರೆ ಹೆಸರಿನಿಂದ ಕರೆಯಲಾದೀತೇ? ಆಗದು ಎನ್ನುತ್ತಾನೆ ತಂದೆ. ಹಾಗೆಯೇ ನಾನೂ ಕ್ರೈಸ್ತಳು, ಬೇರೆ ಏನೆಂದೂ ಹೇಳಿಕೊಳ್ಳಲಾರೆ ಎನ್ನುತ್ತಾಳೆ. ಮುಂದೆ ಅದೇ ತಂದೆ ಮಗಳ ಕೈಗೆ ಮುತ್ತಿಟ್ಟು, ಕಾಲಿಗೆ ಬಿದ್ದು ಅಳುತ್ತಾನೆ. ಆಕೆಗೆ ತಂದೆಯ ಮೇಲೆ ಕೋಪವಿಲ್ಲ, ಅವನ ಮುಪ್ಪನ್ನು ನೆನೆದು ಸಂಕಟಪಡುತ್ತಾಳೆ. 203ರಲ್ಲಿ ಆಕೆಯನ್ನೂ, ಸೆರೆಮನೆಯಲ್ಲೇ ಹೆತ್ತ ದಾಸಿ ಫೆಲಿಸಿತಾಳನ್ನೂ, ಜೊತೆಯವರನ್ನೂ ಮೃಗಗಳ ಬಾಯಿಗೆ ಒಡ್ಡಿ, ಕೊನೆಗೆ ಕತ್ತಿಯಿಂದ ಕೊಂದರು. ಒಡತಿಯ ವರ್ಗದವಳೂ ದಾಸಿಯೂ ಒಟ್ಟಿಗೆ ನಿಂತರು. ಆ ಕಾಲದಲ್ಲಿ ಅಪರೂಪದ ದೃಶ್ಯವದು.

ಹೆದರಿ ಬಲಿ ಕೊಟ್ಟವರ ಗತಿ ಏನಾಯಿತು?

ಡೀಸಿಯಸನ ಕಾಲದಲ್ಲಿ ಅಂಥವರು ಬಹಳ ಮಂದಿ. ಲಂಚ ಕೊಟ್ಟು ಸುಳ್ಳು ಪ್ರಮಾಣಪತ್ರ ಪಡೆದವರೂ ಇದ್ದರು. ಹಿಂಸೆ ತಗ್ಗಿದ ಮೇಲೆ ಅವರು ಅಳುತ್ತ ಸಭೆಗೆ ಮರಳಿದರು. ಸೇರಿಸಿಕೊಳ್ಳಬೇಕೇ ಬೇಡವೇ ಎಂದು ದೊಡ್ಡ ವಾಗ್ವಾದವೇ ನಡೆಯಿತು. ಪಶ್ಚಾತ್ತಾಪಪಟ್ಟವರಿಗೆ ಬಾಗಿಲು ತೆರೆಯಬೇಕು ಎಂದು ಕಾರ್ಥೇಜಿನ ಸಿಪ್ರಿಯನ್ ಮತ್ತಿತರರು ತೀರ್ಮಾನಿಸಿದರು. 250ರಲ್ಲಿ ಸ್ವತಃ ತಲೆಮರೆಸಿಕೊಂಡು ಟೀಕೆಗೆ ಒಳಗಾಗಿದ್ದ ಇದೇ ಸಿಪ್ರಿಯನ್ 258ರಲ್ಲಿ ಕತ್ತಿಗೆ ತಲೆಯೊಡ್ಡಿದ. ಒಮ್ಮೆ ಹೆದರಿದವನು ಕೊನೆಯವರೆಗೂ ಹೇಡಿ ಎಂದು ಯಾರೂ ಬರೆದಿಟ್ಟಿಲ್ಲ. ಯೇಸುವನ್ನು ಮೂರು ಸಲ ಅಲ್ಲಗಳೆದ ಪೇತ್ರನ ಸಭೆಯಲ್ಲವೇ ಇದು.

ಬ್ಯಾಪ್ಟಿಸ್ಟರು ಆದಿ ಕ್ರೈಸ್ತರ ನೇರ ಸಂತತಿಯೇ?

ಯೇಸು ದೀಕ್ಷಾಸ್ನಾನ ಪಡೆದ ಯೊರ್ದನ್ ಹೊಳೆಯಿಂದ ಇಂದಿನವರೆಗೆ ಬ್ಯಾಪ್ಟಿಸ್ಟ್ ಸಭೆಗಳ ಸರಪಳಿ ಎಲ್ಲೂ ಕಡಿಯದೆ ಬಂದಿದೆ ಎಂದು ಹೇಳುವವರಿದ್ದಾರೆ. ಆಧಾರಗಳು ಅದನ್ನು ಒಪ್ಪುವುದಿಲ್ಲ, ನಾನೂ ಕಲಿಸುವುದಿಲ್ಲ. ಅರಸನೇ ಮುಖ್ಯಸ್ಥನಾಗಿದ್ದ ಇಂಗ್ಲೆಂಡಿನ ಅಧಿಕೃತ ಕ್ರೈಸ್ತ ಸಭೆಯಿಂದ ಬೇರ್ಪಟ್ಟು ಹಾಲೆಂಡಿಗೆ ಓಡಿಹೋಗಿದ್ದ ಜಾನ್ ಸ್ಮಿತ್, ಥಾಮಸ್ ಹೆಲ್ವಿಸ್ ಮತ್ತು ಅವರ ಪುಟ್ಟ ಗುಂಪಿನಿಂದ 1609ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ ನಮ್ಮ ಆರಂಭ. ನಂಬಿಕೆಯನ್ನು ತಾನೇ ಒಪ್ಪಿಕೊಂಡವನಿಗೆ ಮಾತ್ರ ದೀಕ್ಷಾಸ್ನಾನ ಎಂದು ಹೊಸ ಒಡಂಬಡಿಕೆಯಲ್ಲಿ ಓದಿ ಅವರು ಹೊಸದಾಗಿ ಸಭೆ ಕಟ್ಟಿದರು. ನಮಗೂ ಪರ್ಪೆತುವಾಳಿಗೂ ಇರುವುದು ರಕ್ತಸಂಬಂಧವಲ್ಲ, ಒಂದೇ ಪುಸ್ತಕವನ್ನು ಓದಿ ಒಂದೇ ಉತ್ತರ ಕೊಟ್ಟ ಸಂಬಂಧ. ನನಗೆ ಅಷ್ಟು ಸಾಕು.

ಅನಾಬ್ಯಾಪ್ಟಿಸ್ಟರೂ ಇವರೂ ಒಂದೆಯೇ?

ಒಂದಲ್ಲ, ಆದರೆ ನೆಂಟರು. ಅನಾಬ್ಯಾಪ್ಟಿಸ್ಟರು ಕೂಸುಗಳ ದೀಕ್ಷಾಸ್ನಾನವನ್ನು ಒಪ್ಪದೆ ದೊಡ್ಡವರಿಗೆ ಹೊಸದಾಗಿ ದೀಕ್ಷಾಸ್ನಾನ ಕೊಟ್ಟವರು. 1525ರ ಜನವರಿಯಲ್ಲಿ ಜೂರಿಕ್‌ನಲ್ಲಿ ಹುಟ್ಟಿದ ಆ ಚಳವಳಿಯವರನ್ನು ಕ್ಯಾಥೊಲಿಕ್ ಆಡಳಿತಗಳೂ ಪ್ರಾಟೆಸ್ಟಂಟ್ ಆಡಳಿತಗಳೂ ಬೇಟೆಯಾಡಿದವು. 1527ರ ಜನವರಿ 5ರಂದು ಫೆಲಿಕ್ಸ್ ಮಾಂಟ್ಸ್‌ನನ್ನು ಕೈಕಾಲು ಕಟ್ಟಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿದರು. ನೀರಿನ ವಿಷಯದಲ್ಲಿ ತಪ್ಪಿದವನಿಗೆ ನೀರಿನಲ್ಲೇ ಶಿಕ್ಷೆ. 1569ರಲ್ಲಿ ಹಾಲೆಂಡಿನ ಡಿರ್ಕ್ ವಿಲೆಮ್ಸ್ ಸೆರೆಯಿಂದ ತಪ್ಪಿಸಿಕೊಂಡು ತೆಳುವಾದ ಮಂಜುಗಡ್ಡೆಯ ಮೇಲೆ ಓಡುತ್ತಿದ್ದ. ಬೆನ್ನಟ್ಟಿ ಬಂದ ಕಾವಲುಗಾರ ಮಂಜು ಒಡೆದು ನೀರಿಗೆ ಬಿದ್ದ. ಡಿರ್ಕ್ ಹಿಂದಿರುಗಿ ಅವನನ್ನು ಮೇಲೆತ್ತಿದ, ಸಿಕ್ಕಿಬಿದ್ದ, ಸುಟ್ಟು ಕೊಂದರು.

ಬ್ಯಾಪ್ಟಿಸ್ಟ್ ಪರಂಪರೆಯ ತಿರುಳು ಯಾವುದು? ನೀರಿನಲ್ಲಿ ಪೂರ್ತಿ ಮುಳುಗಿಸುವುದೇ?

ಹೊರಗಿನವರ ಕಣ್ಣಿಗೆ ಬೀಳುವುದು ಅದೇ. ನಮ್ಮ ಪ್ರಾರ್ಥನಾಲಯದಲ್ಲಿ ವೇದಿಕೆಯ ಹಲಗೆಗಳನ್ನು ಎತ್ತಿದರೆ ಕೆಳಗೆ ಸಿಮೆಂಟಿನ ತೊಟ್ಟಿ ಇದೆ. ಹಿಂದಿನ ರಾತ್ರಿಯೇ ನೀರು ತುಂಬಿಸುತ್ತೇವೆ, ಬೆಳಿಗ್ಗೆ ಹೊತ್ತಿಗೆ ಅದು ಕೊರೆಯುವಷ್ಟು ತಣ್ಣಗಿರುತ್ತದೆ. ಬಿಳಿ ಬಟ್ಟೆ ಉಟ್ಟವರು ಒಬ್ಬೊಬ್ಬರಾಗಿ ಇಳಿಯುತ್ತಾರೆ. ಮುಳುಗಿಸುವ ಮೊದಲು ಸಭಾಪಾಲಕರು ಪ್ರಶ್ನೆ ಕೇಳುತ್ತಾರೆ, ಇಳಿದವರು ತಮ್ಮ ಬಾಯಿಂದಲೇ ಉತ್ತರ ಕೊಡಬೇಕು. ತಂದೆತಾಯಿಯಾಗಲಿ ಸಭೆಯ ಹಿರಿಯರಾಗಲಿ ಅವರ ಪರವಾಗಿ ಹೇಳುವಂತಿಲ್ಲ. ತಿರುಳು ಇರುವುದು ಆ ಉತ್ತರದಲ್ಲಿ. ಒತ್ತಾಯದಿಂದ ಬಂದ ನಂಬಿಕೆ ನಂಬಿಕೆಯೇ ಅಲ್ಲ, ಹಾಗಾಗಿ ಯಾವ ಸರ್ಕಾರಕ್ಕೂ ಯಾವ ಸಭೆಗೂ ಮನಸ್ಸಾಕ್ಷಿಯ ಮೇಲೆ ಅಧಿಕಾರವಿಲ್ಲ.

ಇದನ್ನು ಎದೆಗಾರಿಕೆಯಿಂದ ಬರೆದವನು ಹೆಲ್ವಿಸ್. ಹಾಲೆಂಡಿನಲ್ಲಿ ಸುರಕ್ಷಿತವಾಗಿದ್ದವನು, ಓಡಿಬಂದದ್ದು ತಪ್ಪೆನಿಸಿ ತನ್ನವರೊಂದಿಗೆ ಲಂಡನ್ನಿಗೆ ಮರಳಿದ. ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಇಂಗ್ಲೆಂಡಿನ ನೆಲದ ಮೊದಲ ಬ್ಯಾಪ್ಟಿಸ್ಟ್ ಸಭೆ ಸೇರಿತು. ಅದು ಎಂಥ ಕಾಲವೆಂದರೆ, 1612ರ ಏಪ್ರಿಲ್‌ನಲ್ಲಿ ಎಡ್ವರ್ಡ್ ವೈಟ್‌ಮನ್ ಎಂಬವನನ್ನು ಪಾಷಂಡಿಯೆಂದು ಲಿಚ್‌ಫೀಲ್ಡಿನಲ್ಲಿ ಸುಟ್ಟಿದ್ದರು. ಅದೇ ವರ್ಷ ಹೆಲ್ವಿಸ್ ತನ್ನ ಪುಸ್ತಕದ ಒಂದು ಪ್ರತಿಯಲ್ಲಿ ಅರಸ ಜೇಮ್ಸ್‌ನನ್ನು ಉದ್ದೇಶಿಸಿ ಸ್ವಂತ ಕೈಯಿಂದ ಬರೆದ: ಅರಸನು ಸಾಯುವ ಮನುಷ್ಯ, ದೇವರಲ್ಲ, ಆದ್ದರಿಂದ ಪ್ರಜೆಗಳ ಅಮರ ಆತ್ಮಗಳ ಮೇಲೆ ಅವನಿಗೆ ಅಧಿಕಾರವಿಲ್ಲ. ಪುಸ್ತಕದ ಒಳಗೆ ಇನ್ನೂ ಮುಂದೆ ಹೋಗಿ, ಪಾಷಂಡಿಗಳಾಗಲಿ, ತುರ್ಕರಾಗಲಿ, ಯೆಹೂದ್ಯರಾಗಲಿ, ಯಾರೇ ಆಗಲಿ, ಅವರನ್ನು ಎಳ್ಳಷ್ಟೂ ಶಿಕ್ಷಿಸುವುದು ಲೋಕದ ಅಧಿಕಾರಕ್ಕೆ ಸೇರಿದ ಕೆಲಸವಲ್ಲ ಎಂದ. ತುರ್ಕರೆಂದರೆ ಆಗ ಮುಸಲ್ಮಾನರು. ತನ್ನ ಪಂಗಡಕ್ಕೆ ಬಿಡುಗಡೆ ಕೇಳುವವರು ಎಲ್ಲ ಕಾಲದಲ್ಲೂ ಸಿಗುತ್ತಾರೆ. ತಾನು ಒಪ್ಪದವರಿಗೂ ಅದೇ ಬಿಡುಗಡೆಯನ್ನು ಕೇಳಿದನಲ್ಲ, ಅದಕ್ಕೇ ಅವನ ಹೆಸರನ್ನು ನಾನು ಭಕ್ತಿಯಿಂದ ಹೇಳುತ್ತೇನೆ. ಅವನನ್ನು ನ್ಯೂಗೇಟ್ ಸೆರೆಮನೆಗೆ ಹಾಕಿದರು. 1616ರ ಹೊತ್ತಿಗೆ ಅವನು ಬದುಕಿರಲಿಲ್ಲ.

ಜಾನ್ ಬನಿಯನ್ ಬ್ಯಾಪ್ಟಿಸ್ಟನೇ?

ಬನಿಯನ್ ಇಂಗ್ಲೆಂಡಿನ ಬೋಧಕ, ಬರಹಗಾರ. ಬೆಡ್‌ಫರ್ಡಿನ ಅವನ ಸಭೆ ದೀಕ್ಷಾಸ್ನಾನದ ವಿಷಯದಲ್ಲಿ ಭಿನ್ನಾಭಿಪ್ರಾಯವಿದ್ದವರನ್ನೂ ಸೇರಿಸಿಕೊಳ್ಳುತ್ತಿತ್ತು. ಹಾಗಾಗಿ ನಾವೂ ಅವನನ್ನು ನಮ್ಮವನೆನ್ನುತ್ತೇವೆ, ಇತರರೂ ಎನ್ನುತ್ತಾರೆ. ಪಾತ್ರೆಗೆ ಕಲಾಯಿ, ತೇಪೆ ಹಾಕುವ ಕಸುಬಿನವನು. ಪರವಾನಗಿಯಿಲ್ಲದೆ ಬೋಧಿಸಿದ್ದಕ್ಕೆ 1660ರಿಂದ 1672ರವರೆಗೆ 12 ವರ್ಷ ಸೆರೆ. ಇನ್ನು ಬೋಧಿಸುವುದಿಲ್ಲ ಎಂದು ಮಾತು ಕೊಟ್ಟಿದ್ದರೆ ಬಿಟ್ಟುಬಿಡುತ್ತಿದ್ದರು. ‘ಇಂದು ಬಿಟ್ಟರೆ ನಾಳೆ ಮತ್ತೆ ಬೋಧಿಸುತ್ತೇನೆ’ ಎಂದ. ಕಣ್ಣು ಕಾಣದ ಹಿರಿಮಗಳು ಮೇರಿಯನ್ನು ಬಿಟ್ಟಿರುವುದು ಮೂಳೆಯಿಂದ ಮಾಂಸ ಕಿತ್ತಂತೆ ಎಂದು ಬರೆದುಕೊಂಡಿದ್ದಾನೆ. ಒಳಗೆ ಕುಳಿತು ಲಾಡಿಗಳಿಗೆ ತುದಿ ಕಟ್ಟಿ ಮಾರಿ ಮನೆಗೆ ಹಣ ಕಳಿಸುತ್ತಿದ್ದ. 1678ರಲ್ಲಿ ಅಚ್ಚಾದ ಅವನ ಯಾತ್ರಿಕನ ಕಥೆಯನ್ನು ಕನ್ನಡದ ಕ್ರೈಸ್ತ ಮನೆಗಳು ತಲೆಮಾರುಗಳಿಂದ ಓದಿಕೊಂಡು ಬಂದಿವೆ.

ಅಮೆರಿಕಕ್ಕೆ ಹೋದವರಿಗಾದರೂ ನೆಮ್ಮದಿ ಸಿಕ್ಕಿತೇ?

ತಕ್ಷಣಕ್ಕೆ ಸಿಗಲಿಲ್ಲ. ಹಿಂಸೆಗೆ ಹೆದರಿ ಸಮುದ್ರ ದಾಟಿದ ಪ್ಯೂರಿಟನ್ನರೇ (ಇಂಗ್ಲೆಂಡಿನ ಕಟ್ಟುನಿಟ್ಟಿನ ಪ್ರಾಟೆಸ್ಟಂಟರು) ಅಲ್ಲಿ ಹಿಂಸಕರಾದರು. 1651ರಲ್ಲಿ ಬ್ಯಾಪ್ಟಿಸ್ಟ್ ಬೋಧಕ ಒಬಡಯ ಹೋಮ್ಸ್ ಕಣ್ಣು ಕಾಣದ ಒಬ್ಬ ಮುದುಕನ ಮನೆಯಲ್ಲಿ ಆರಾಧನೆ ನಡೆಸಲು ಹೋಗಿ ಸಿಕ್ಕಿಬಿದ್ದ. ದಂಡ ಕಟ್ಟಲು ಗೆಳೆಯರು ಮುಂದೆ ಬಂದರೂ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂದು ಬೇಡವೆಂದ. ಬಾಸ್ಟನ್ನಿನ ಬೀದಿಯಲ್ಲಿ ಮೂರೆಳೆಯ ಚಾವಟಿಯಿಂದ 30 ಏಟು. ‘ನೀವು ನನಗೆ ಗುಲಾಬಿಗಳಿಂದ ಹೊಡೆದ ಹಾಗಿತ್ತು’ ಎಂದು ನ್ಯಾಯಾಧೀಶರಿಗೆ ಹೇಳಿದ. ವರ್ಜೀನಿಯದಲ್ಲಿ 1768ರಿಂದ ಬೋಧಕರನ್ನು ಸೆರೆಗೆ ತಳ್ಳಿದಾಗ ಅವರು ಕಿಟಕಿಯ ಸರಳುಗಳ ಹಿಂದಿನಿಂದಲೇ ಬೋಧಿಸಿದರು. ಇದನ್ನು ಕಂಡು ಕುದಿದವರಲ್ಲಿ ಮುಂದೆ ಅಮೆರಿಕದ ಅಧ್ಯಕ್ಷನಾದ ತರುಣ ಜೇಮ್ಸ್ ಮ್ಯಾಡಿಸನ್ ಒಬ್ಬ. ಧರ್ಮಸ್ವಾತಂತ್ರ್ಯವನ್ನು ಕಾಯುವ, ಅಮೆರಿಕದ ಸಂವಿಧಾನದ 1791ರ ಮೊದಲನೆಯ ತಿದ್ದುಪಡಿಯ ಹಿಂದೆ ಆ ಸರಳುಗಳೂ ಇವೆ.

ಭಾರತಕ್ಕೆ, ಕನ್ನಡಕ್ಕೆ ಈ ಪರಂಪರೆಯ ನಂಟು ಏನು?

ಕರ್ನಾಟಕದಲ್ಲಿ ಬ್ಯಾಪ್ಟಿಸ್ಟರ ಸಂಖ್ಯೆ ಕಡಿಮೆ. ಮಂಗಳೂರಿನ ಬಾಸೆಲ್ ಮಿಷನ್ ಬ್ಯಾಪ್ಟಿಸ್ಟ್ ಅಲ್ಲ; ಈ ಎರಡನ್ನು ಬೆರೆಸುವವರು ಬಹಳ. ಆದರೆ ಚಮ್ಮಾರಿಕೆ ಮಾಡಿಕೊಂಡಿದ್ದ ಬ್ಯಾಪ್ಟಿಸ್ಟ್ ಬೋಧಕ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದು, ಮುಂದೆ ಡೇನರ ವಶದಲ್ಲಿದ್ದ ಶ್ರೀರಾಂಪುರದಲ್ಲಿ ನೆಲೆಸಿ, 1817ರಲ್ಲಿ ಕನ್ನಡದ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದು ಅಲ್ಲಿನ ಮುದ್ರಣಾಲಯದಲ್ಲೇ ಅಚ್ಚು ಹಾಕಿಸಿದ. ಅದಕ್ಕೆ ಐದು ವರ್ಷ ಮೊದಲು, 1812ರ ಮಾರ್ಚ್ 11ರಂದು, ಆ ಮುದ್ರಣಾಲಯ ಸುಟ್ಟುಹೋಗಿ ಅನೇಕ ವರ್ಷಗಳ ಹಸ್ತಪ್ರತಿಗಳು ಬೂದಿಯಾಗಿದ್ದವು. ಮತ್ತೆ ಮೊದಲಿನಿಂದ ಶುರುಮಾಡಿದರು.

ಕೇರಿಯ ತ್ಯಾಗವನ್ನು ಹೊಗಳುವಾಗ ಅವನ ಹೆಂಡತಿ ಡೊರೊಥಿಯನ್ನು ಮರೆಯಬಾರದು. ಮೊದಲು ಬರಲು ಒಪ್ಪದ ಆಕೆ ಒತ್ತಾಯಕ್ಕೆ ಮಣಿದು ಬಂದಳು. 1794ರಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡ ಮೇಲೆ ಆಕೆಯ ಬುದ್ಧಿ ಸ್ಥಿಮಿತ ತಪ್ಪಿತು, 1807ರಲ್ಲಿ ಸಾಯುವವರೆಗೂ ಸರಿಹೋಗಲಿಲ್ಲ. 1800ರ ಡಿಸೆಂಬರ್ 28ರಂದು ಕೇರಿಯ ತಂಡದ ಮೊದಲ ಬಂಗಾಳಿ ವಿಶ್ವಾಸಿಯಾದ ಬಡಗಿ ಕೃಷ್ಣಪಾಲ್ ಹೂಗ್ಲಿ ನದಿಗಿಳಿದು ದೀಕ್ಷಾಸ್ನಾನ ಪಡೆದಾಗಲೂ ಡೊರೊಥಿ ಕೋಣೆಯೊಳಗೆ ಕೂಡಿಹಾಕಲ್ಪಟ್ಟಿದ್ದಳು. ಇದನ್ನು ‘ತ್ಯಾಗ’ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ತ್ಯಾಗ ಮಾಡುವವರು ತಾವಾಗಿ ಒಪ್ಪಿರಬೇಕು.

ನಮ್ಮ ನೆರೆಯ ಆಂಧ್ರದಲ್ಲಿ 1876-78ರ ಮಹಾಕ್ಷಾಮದ ಕಥೆಯನ್ನೂ ಕೇಳಿರಬಹುದು. ಒಂಗೋಲಿನಲ್ಲಿದ್ದ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲಫ್ ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲಿ ಅಗೆತವನ್ನು ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಡಿಸಿದ. ಅನ್ನದ ಆಸೆಗೆ ಬಂದರು ಎಂದಾಗಬಾರದೆಂದು, ಕ್ಷಾಮ ತಗ್ಗುವವರೆಗೆ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಮಂದಿ ನೀರಿಗಿಳಿದರು, ಹೆಚ್ಚಿನವರು ಮಾದಿಗರು. ಜನ ಆ ಸಂಖ್ಯೆಯನ್ನು ಹೇಳಿ ಹೆಮ್ಮೆಪಡುತ್ತಾರೆ. ನನಗೆ ಆ ಕಾಯುವಿಕೆ ಹೆಚ್ಚು ಹೆಮ್ಮೆಯದು. ನಾಗಾಲ್ಯಾಂಡಿನ ಕಥೆಯಲ್ಲಿ ಒಂದು ಹೆಸರು ಮರೆಗೆ ಸರಿದಿದೆ: 1872ರಲ್ಲಿ ಆವೋ ನಾಗರ ಮೊದಲ ಗುಂಪು ದೀಕ್ಷಾಸ್ನಾನ ಪಡೆಯುವ ಮೊದಲೇ ಬೆಟ್ಟ ಹತ್ತಿ ಅವರ ನಡುವೆ ಹೋಗಿದ್ದವನು ಗೋಧುಲಾ ಎಂಬ ಅಸ್ಸಾಮಿನ ಬೋಧಕ.

ಈ ಪರಂಪರೆಯಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲವೇ?

ಇದೆ. ಮನಸ್ಸಾಕ್ಷಿಯ ಬಿಡುಗಡೆಗಾಗಿ ಚಾವಟಿ ಏಟು ತಿಂದವರ ಮೊಮ್ಮಕ್ಕಳು ಇತರರ ಬೆನ್ನಿಗೆ ಚಾವಟಿ ಬೀಸಿದರು. 1845ರಲ್ಲಿ ಅಮೆರಿಕದ ದಕ್ಷಿಣದ ಬ್ಯಾಪ್ಟಿಸ್ಟರು ಬೇರೆಯಾದದ್ದು ಗುಲಾಮರನ್ನು ಇಟ್ಟುಕೊಳ್ಳುವ ವಿಷಯಕ್ಕೆ. ಅದಕ್ಕೆ ಅವರು ಅಧಿಕೃತವಾಗಿ ಕ್ಷಮೆ ಕೇಳಿದ್ದು 1995ರಲ್ಲಿ. ಅವರು ಬೇರೆಯಾದ ಹತ್ತೊಂಬತ್ತನೆಯ ಶತಮಾನದಲ್ಲೇ ಜಮೈಕದ ಸ್ಯಾಮ್ ಶಾರ್ಪ್, ಗುಲಾಮನೂ ಬ್ಯಾಪ್ಟಿಸ್ಟ್ ಸಭಾಸೇವಕನೂ ಆಗಿದ್ದವನು, 1831ರ ಕ್ರಿಸ್‌ಮಸ್ ಕಳೆದ ಮೇಲೆ ಕೂಲಿಯಿಲ್ಲದೆ ಕೆಲಸ ಮಾಡುವುದಿಲ್ಲ ಎಂದು ಮುಷ್ಕರಕ್ಕೆ ಕರೆ ಕೊಟ್ಟ. 1832ರ ಮೇ 23ರಂದು ಅವನನ್ನು ಗಲ್ಲಿಗೇರಿಸಿದರು. ಗುಲಾಮರನ್ನು ಇಟ್ಟುಕೊಂಡವರೂ ಶಾರ್ಪನೂ ಒಂದೇ ಸತ್ಯವೇದ ಹಿಡಿದಿದ್ದರು. ಮಕ್ಕಳಿಗೆ ನಾನು ಎರಡನ್ನೂ ಹೇಳುತ್ತೇನೆ, ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳುವುದಿಲ್ಲ.

ನಮ್ಮ ಸಭೆಯಲ್ಲಿ ಇವರನ್ನು ಹೇಗೆ ನೆನೆಯಬಹುದು?

ನಾವು ಅವರಿಗೆ ಪ್ರಾರ್ಥಿಸುವುದಿಲ್ಲ, ಪ್ರತಿಮೆ ಇಡುವುದಿಲ್ಲ. ಕಥೆ ಹೇಳುತ್ತೇವೆ. ಮಾರ್ಚ್ 7 ಪರ್ಪೆತುವಾಳ ದಿನ. ಅದಕ್ಕೆ ಹತ್ತಿರದ ಭಾನುವಾರ ಆಕೆಯ ಬರಹದ ಒಂದು ಪುಟವನ್ನು ಹೆಣ್ಣುಮಕ್ಕಳು ಓದುತ್ತಾರೆ. ಮನಸ್ಸಾಕ್ಷಿಗಾಗಿ ಇಂದು ಸೆರೆಯಲ್ಲಿರುವ ಎಲ್ಲರಿಗಾಗಿ ಪ್ರಾರ್ಥಿಸುತ್ತೇವೆ, ಅವರ ಧರ್ಮ ಯಾವುದೇ ಇರಲಿ. ಒಮ್ಮೆ ಹಿರಿಯರೊಬ್ಬರು ಆಕ್ಷೇಪಿಸಿದಾಗ ಹೆಲ್ವಿಸನ ವಾಕ್ಯವನ್ನು ಓದಿ ತೋರಿಸಿದೆ. ಮುಂದಿನ ವರ್ಷ ಆ ಪ್ರಾರ್ಥನೆಯನ್ನು ಅವರೇ ಮಾಡಿದರು.

ಚಿಕ್ಕ ಮಕ್ಕಳಿಗೆ ಇಂಥ ಕಥೆ ಹೇಳಬಹುದೇ? ಹೆದರುವುದಿಲ್ಲವೇ?

ಮೃಗಗಳನ್ನೂ ಬೆಂಕಿಯನ್ನೂ ಬಣ್ಣಿಸುವ ಅಗತ್ಯವಿಲ್ಲ. ಪಾಲಿಕಾರ್ಪ ಸೈನಿಕರಿಗೆ ಊಟ ಹಾಕಿಸಿದ್ದು, ಡಿರ್ಕ್ ಮಂಜಿನಿಂದ ಶತ್ರುವನ್ನು ಎಳೆದದ್ದು ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಫೆಲಿಸಿತಾಳ ಕಥೆ ಹೇಳಿದರೆ ಮಾತ್ರ, ಯಾವ ವರ್ಷದ ಮಕ್ಕಳಾದರೂ, ಅವಳ ಬಗ್ಗೆ ಕೇಳುವುದಿಲ್ಲ. ‘ಆಂಟಿ, ಆ ಪಾಪು ಏನಾಯಿತು?’ ಎಂದು ಕೇಳುತ್ತಾರೆ. ಅದೃಷ್ಟಕ್ಕೆ ಉತ್ತರ ದಾಖಲೆಯಲ್ಲೇ ಇದೆ. ಹೆಣ್ಣುಕೂಸು. ಸಭೆಯ ಒಬ್ಬ ಸಹೋದರಿ ಎತ್ತಿಕೊಂಡು ಹೋಗಿ ತನ್ನ ಮಗಳಾಗಿ ಸಾಕಿದಳು.